‘ಆಕ್ಸೆಲ್ ಕಟ್’ ಎಂದು ಬರೆದರೆ ಕಾರಣ ಹೇಳಿದಂತಾಗುವುದಿಲ್ಲ

ಮಾನ್ಯ ಸಂಪಾದಕರೇ,

ಮಳೆಗಾಲ ಹಿಡಿಯಿತೆಂದರೆ ಜಿಲ್ಲಾ ಸುದ್ದಿಯ ಪುಟಗಳಲ್ಲಿ ‘ಆಕ್ಸೆಲ್ ಕಟ್ಟಾಗಿ ಜೀಪು ಪಲ್ಟಿ’, ‘ಆಕ್ಸೆಲ್ ತುಂಡಾಗಿ ಘಾಟಿಯಲ್ಲಿ ನಿಂತ ಲಾರಿ, ಸಂಚಾರ ಅಸ್ತವ್ಯಸ್ತ’ ಎಂಬಂಥ ಸಾಲುಗಳು ತಪ್ಪದೆ ಬರುತ್ತವೆ. ಸುದ್ದಿ ಅಲ್ಲಿಗೇ ಮುಗಿಯುತ್ತದೆ. ಓದಿದವರು ಗ್ರಹಚಾರ ಎಂದುಕೊಂಡು ಪುಟ ತಿರುಗಿಸುತ್ತಾರೆ. ಮುರಿದ ತುಂಡು ಗುಜರಿಗೆ ಹೋಗುತ್ತದೆ, ಹೊಸ ಶಾಫ್ಟ್, ಅಂದರೆ ಚಕ್ರ ತಿರುಗಿಸುವ ಉಕ್ಕಿನ ಸರಳು, ಕೂರುತ್ತದೆ, ಅದೇ ಜೀಪು ಅದೇ ದಾರಿಯಲ್ಲಿ ಅಷ್ಟೇ ಜನರನ್ನು ಹೊತ್ತು ಮತ್ತೆ ಹತ್ತುತ್ತದೆ. ಆಕ್ಸೆಲ್ ಕಟ್ಟಾಯಿತು ಎಂದರೆ ಏನಾಯಿತು ಎಂದು ಹೇಳಿದಂತಾಯಿತು, ಅಷ್ಟೆ. ಏಕಾಯಿತು ಎಂಬುದು ಗುಜರಿಗೆ ಹೋದ ಆ ತುಂಡಿನ ಮುಖದ ಮೇಲಿರುತ್ತದೆ. ಅದನ್ನು ಓದುವುದಕ್ಕೆ ದೊಡ್ಡ ವಿದ್ಯೆ ಬೇಡ. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ, ಹೆಬ್ಬೆ, ದೇವರಮನೆ ಕಡೆಗೆ ಜನ ತುಂಬಿಕೊಂಡು ಹೋಗುವ ಜೀಪುಗಳ ಮಾಲೀಕರು, ತೋಟದ ಪಿಕಪ್ ಓಡಿಸುವವರು, ಚಾರ್ಮಾಡಿ–ಶಿರಾಡಿ ಇಳಿಯುವ ಲಾರಿಗಳವರು, ಇವರ ಗಾಡಿ ಬಿಚ್ಚಿ ಕಟ್ಟುವ ಮೆಕ್ಯಾನಿಕ್‌ಗಳು ಮತ್ತು ತಮ್ಮ ವರದಿಗಾರರು ಇದನ್ನು ಕಲಿಯಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಪತ್ರ ಉದ್ದವಾಗಿದೆ, ದಯವಿಟ್ಟು ಮೊಟಕುಗೊಳಿಸದೆ ಪ್ರಕಟಿಸಬೇಕಾಗಿ ಕೋರಿಕೆ.

ಎಳೆಯುವ, ಒತ್ತುವ, ಬಗ್ಗಿಸುವ ಬಲಗಳನ್ನು ನಾವು ಕಣ್ಣಾರೆ ಕಾಣುತ್ತೇವೆ. ತಿರುಚುವ ಬಲ ಹಾಗೆ ಕಾಣುವುದಿಲ್ಲ. ಒದ್ದೆ ಪಂಚೆಯ ಎರಡು ತುದಿಯನ್ನು ಇಬ್ಬರು ಹಿಡಿದು ಎದುರುಬದುರಾಗಿ ಹಿಂಡುತ್ತಾರಲ್ಲ, ಶಾಫ್ಟಿನ ಮೇಲೆ ಬೀಳುವುದು ಅದೇ ಬಲ. ಒಂದು ತುದಿಯನ್ನು ಎಂಜಿನ್ ತಿರುಗಿಸುತ್ತದೆ, ಇನ್ನೊಂದು ತುದಿಯನ್ನು ರಸ್ತೆ ಕಚ್ಚಿದ ಟಯರು ತಡೆಯುತ್ತದೆ, ನಡುವೆ ಉಕ್ಕು ಹಿಂಡಿಸಿಕೊಳ್ಳುತ್ತದೆ. ಹೀಗೆ ಹಿಂಡುವಾಗ ಇಡೀ ಸರಳಿನ ಮೇಲೆ ಸಮನಾಗಿ ಒತ್ತಡ ಬೀಳುವುದಿಲ್ಲ. ನಟ್ಟನಡುವಿನ ಉಕ್ಕಿಗೆ ಏನೂ ಆಗುವುದಿಲ್ಲ. ಹೊರಕ್ಕೆ ಬಂದಷ್ಟೂ ಒತ್ತಡ ಏರುತ್ತ ಹೋಗಿ ಹೊರಮೈಯಲ್ಲಿ ತುತ್ತತುದಿ ಮುಟ್ಟುತ್ತದೆ. ಸರಳಿನ ವ್ಯಾಸದ ಅರ್ಧದಷ್ಟು ಅಗಲಕ್ಕೆ ನಡುವೆ ತೂತು ಕೊರೆದರೆ ತೂಕ ಕಾಲು ಭಾಗ ಇಳಿಯುತ್ತದೆ, ತಿರುಚನ್ನು ತಡೆಯುವ ಶಕ್ತಿ ಮಾತ್ರ ಹದಿನಾರರಲ್ಲಿ ಒಂದು ಪಾಲು, ಅಂದರೆ ಶೇ 6ರಷ್ಟು ಮಾತ್ರ ಇಳಿಯುತ್ತದೆ. ಜಾಯಿಂಟ್ ಶಾಫ್ಟನ್ನು, ಅಂದರೆ ಗೇರ್‌ಬಾಕ್ಸಿನಿಂದ ಹಿಂದಕ್ಕೆ ಹೋಗುವ ಪ್ರೊಪೆಲ್ಲರ್ ಶಾಫ್ಟನ್ನು ಕೊಳವೆಯಿಂದ ಮಾಡಿರುವುದು ಇದೇ ಕಾರಣಕ್ಕೆ. ಹೊರಮೈಯೇ ಎಲ್ಲವನ್ನೂ ಹೊರುವುದರಿಂದ ಹೊರಮೈಯ ಮೇಲಿನ ಒಂದು ಗೀರು, ಒಂದು ತುಕ್ಕಿನ ಗುಳಿ, ಒಂದು ವೆಲ್ಡಿಂಗ್ ಚುಕ್ಕೆ ಇಡೀ ಶಾಫ್ಟಿನ ಆಯುಸ್ಸನ್ನು ನಿರ್ಧರಿಸುತ್ತದೆ.

ದಪ್ಪದ ಲೆಕ್ಕವನ್ನೂ ತಿಳಿದಿರಬೇಕು. ತಿರುಚಿಗೆ ಶಾಫ್ಟಿನ ಬಲ ಅದರ ವ್ಯಾಸದ ಮೂರನೇ ಘಾತದಂತೆ ಏರಿಳಿಯುತ್ತದೆ, ಬಿಗುವು, ಅಂದರೆ ತಿರುಚಿಕೊಳ್ಳದೆ ನಿಲ್ಲುವ ಗುಣ, ನಾಲ್ಕನೇ ಘಾತದಂತೆ. ವ್ಯಾಸ ಎರಡು ಪಟ್ಟಾದರೆ ಬಲ 8 ಪಟ್ಟು, ಬಿಗುವು 16 ಪಟ್ಟು. ಇದರ ಇನ್ನೊಂದು ಮುಖವೇ ನಮಗೆ ಮುಖ್ಯ: ಬೇರಿಂಗ್ ಕೂರುವ ಜಾಗ ಸವೆದಿದೆ ಎಂದು 30 ಮಿಲಿಮೀಟರ್ ಶಾಫ್ಟನ್ನು ಲೇತಿನಲ್ಲಿ ಹಿಡಿದು ಒಂದೇ ಒಂದು ಮಿಲಿಮೀಟರ್ ಕೆತ್ತಿದರೆ ಅದರ ಬಲದಲ್ಲಿ ಶೇ 10ರಷ್ಟು ಹೋಯಿತು. ಅದಕ್ಕಿಂತ ಕೆಟ್ಟದ್ದು, ಕಂಪನಿ ಹೊರಮೈಗೆ ಕೊಟ್ಟಿದ್ದ ಗಟ್ಟಿ ಪದರವೂ ಆ ಕೆತ್ತನೆಯಲ್ಲಿ ತೆಳುವಾಯಿತು.

ಈಗ ಒಂದು ಜೀಪಿನ ಲೆಕ್ಕ ಹಾಕೋಣ. ಹಿಂದಿನ ಒಂದು ಚಕ್ರದ ಮೇಲೆ 600 ಕೆ.ಜಿ. ಭಾರವಿದೆ, ಟಯರಿನ ನಡುವಿನಿಂದ ನೆಲಕ್ಕೆ 35 ಸೆಂಟಿಮೀಟರ್ ಇದೆ ಎಂದಿಟ್ಟುಕೊಳ್ಳಿ. ಒಣ ಟಾರು ಅಥವಾ ಕಾಂಕ್ರೀಟಿನ ಮೇಲೆ ಟಯರಿನ ಹಿಡಿತ ಭಾರದ ಶೇ 70ರಷ್ಟು ಎಂದರೆ, ಚಕ್ರ ಜಾರುವ ಮೊದಲು ನೆಲವನ್ನು 420 ಕೆ.ಜಿ. ಬಲದಲ್ಲಿ ತಳ್ಳಬಲ್ಲುದು. ಶಾಫ್ಟಿನ ಮೇಲೆ ಬೀಳುವ ತಿರುಚು 420ನ್ನು 0.35ರಿಂದ ಗುಣಿಸಿದಷ್ಟು, ಅಂದರೆ 147 ಕೆ.ಜಿ.–ಮೀಟರ್. ಒಂದು ಮೀಟರ್ ಉದ್ದದ ಪಾನೆಯ ತುದಿಯಲ್ಲಿ ಒಂದೂವರೆ ಕ್ವಿಂಟಲ್ ಮೂಟೆ ನೇತುಹಾಕಿದ ಹಾಗೆ. ಎಂಜಿನ್ ಇದಕ್ಕಿಂತ ಹೆಚ್ಚೇ ಕೊಡಬಲ್ಲುದು. 20 ಕೆ.ಜಿ.–ಮೀಟರಿನ ಎಂಜಿನ್, ಒಂದನೇ ಗೇರಿನಲ್ಲಿ 4 ಪಟ್ಟು, ಆಕ್ಸೆಲ್ ನಡುವಿನ ಕ್ರೌನ್–ಪಿನಿಯನ್ ಗೇರುಗಳಲ್ಲಿ 4.5 ಪಟ್ಟು: ಒಟ್ಟು 360, ಒಂದೊಂದು ಪಕ್ಕಕ್ಕೆ 180. ಫೋರ್ ವೀಲಿನ, ಅಂದರೆ ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಕೊಡುವ, ಲೋ ಗೇರಿಗೆ ಹಾಕಿದರೆ ಇನ್ನೂ ಎರಡೂವರೆ ಪಟ್ಟು ಏರುತ್ತದೆ, ಆಗ ಅದು ಮುಂದಿನ ಹಿಂದಿನ ಚಕ್ರಗಳಿಗೆ ಹಂಚಿಹೋಗುತ್ತದೆ. ಹೀಗಾಗಿ ಶಾಫ್ಟನ್ನು ಕಾಯುವುದು ಟಯರು ಜಾರುವ ಗುಣ. ಮನೆಯ ವಿದ್ಯುತ್ತಿಗೆ ಫ್ಯೂಸ್ ಇದ್ದ ಹಾಗೆ ಶಾಫ್ಟಿಗೆ ಟಯರು.

147 ಕೆ.ಜಿ.–ಮೀಟರ್ ಬಿದ್ದಾಗ 30 ಮಿಲಿಮೀಟರ್ ಶಾಫ್ಟಿನ ಹೊರಮೈಯಲ್ಲಿ ಪ್ರತಿ ಚದರ ಮಿಲಿಮೀಟರಿಗೆ ಸುಮಾರು 28 ಕೆ.ಜಿ. ಒತ್ತಡ. 70 ಸೆಂಟಿಮೀಟರ್ ಉದ್ದದ ಶಾಫ್ಟ್ ಆ ಹೊತ್ತಿನಲ್ಲಿ ತುದಿಯಿಂದ ತುದಿಗೆ ಸುಮಾರು 9 ಡಿಗ್ರಿ ತಿರುಚಿಕೊಂಡು, ಭಾರ ಇಳಿದಾಗ ಮರಳಿ ನೆಟ್ಟಗಾಗುತ್ತದೆ. ನೆಟ್ಟಗಾಗುವುದು ಉಕ್ಕು ಒಳ್ಳೆಯದಿದ್ದರೆ ಮಾತ್ರ. ಸಾಮಾನ್ಯ ಎಂ.ಎಸ್., ಅಂದರೆ ಮೈಲ್ಡ್ ಸ್ಟೀಲ್ ರಾಡು ತಿರುಚಿಗೆ ಚದರ ಮಿಲಿಮೀಟರಿಗೆ ಸುಮಾರು 15 ಕೆ.ಜಿ. ದಾಟಿದರೆ ಸೋಲುತ್ತದೆ. ಹದ ಮಾಡದ, ಅಂದರೆ ಕಾಯಿಸಿ ತಣಿಸಿ ಗಟ್ಟಿ ಮಾಡದ, ಇಎನ್ 8 ದರ್ಜೆಯ ಉಕ್ಕು ಅದಕ್ಕಿಂತ ಅಷ್ಟೇನೂ ಮೇಲಲ್ಲ. ಹದ ಮಾಡಿದ ಇಎನ್ 24 ಸುಮಾರು 38–39ರವರೆಗೆ ತಡೆಯುತ್ತದೆ. ‘ಲೇತಿನಲ್ಲಿ ಹೊಸದು ಹೊಡೆಸಿದೆ, ಕಂಪನಿ ಶಾಫ್ಟಿಗಿಂತ ದಪ್ಪ ಕಾಣುತ್ತೆ’ ಎನ್ನುವವರು ಯಾವ ಉಕ್ಕು, ಹದ ಹಾಕಿಸಿದ್ದಾರೋ ಇಲ್ಲವೋ ಎಂಬುದನ್ನು ಮೊದಲು ಕೇಳಬೇಕು. ಬಿಲ್ಲಿನಲ್ಲಿ ಉಕ್ಕಿನ ದರ್ಜೆ ಬರೆಸಿಕೊಳ್ಳದ ಶಾಫ್ಟನ್ನು ಜನ ಹೊರುವ ಗಾಡಿಗೆ ಹಾಕಬಾರದು. ಇದರಲ್ಲಿ ರಾಜಿ ಇಲ್ಲ.

ಅದೇ ಲೆಕ್ಕದಲ್ಲಿ ಚಕ್ರದ ಮೇಲಿನ ಭಾರ 600ರ ಬದಲು 900 ಕೆ.ಜಿ. ಮಾಡಿ ನೋಡಿ. ಕಡಿದಾದ ಏರು, ಹಿಂದುಗಡೆ ಕಾಲಿಡಲು ಜಾಗವಿಲ್ಲದಷ್ಟು ಜನ, ಮೇಲೆ ಲಗೇಜು ಎಂದರೆ ಅಷ್ಟಾಗಿಬಿಡುತ್ತದೆ. ಒತ್ತಡ 28ರಿಂದ 42ಕ್ಕೆ ಏರಿತು. ಒಳ್ಳೆಯ ಇಎನ್ 24 ಕೂಡ ಆ ಗೆರೆ ದಾಟಿಬಿಟ್ಟಿತು. ಹೆಚ್ಚು ಜನ ಕೂತರೆ ಸ್ಪ್ರಿಂಗ್ ಪ್ಲೇಟಿಗೆ ತಾನೇ ಭಾರ, ಶಾಫ್ಟಿಗೇನು ಎಂಬ ವಾದ ಇಲ್ಲಿ ಬಿದ್ದುಹೋಗುತ್ತದೆ: ಭಾರ ಹೆಚ್ಚಿದಷ್ಟೂ ಟಯರು ಜಾರುವುದು ತಡವಾಗುತ್ತದೆ, ಅಂದರೆ ಫ್ಯೂಸಿಗೆ ದಪ್ಪ ತಂತಿ ಸುತ್ತಿದಂತಾಗುತ್ತದೆ.

ಹಾಗಾದರೆ ಹಿಡಿತವೇ ಇಲ್ಲದ ಕೆಸರಿನಲ್ಲಿ ಶಾಫ್ಟ್ ಏಕೆ ಮುರಿಯುತ್ತದೆ? ಕೆಸರಿನಲ್ಲಿ ಮುರಿಯುವುದಿಲ್ಲ, ಕೆಸರಿನ ತಳದಲ್ಲಿ ಮುರಿಯುತ್ತದೆ. ಚಕ್ರ ಹೂತಿದೆ, ಚಾಲಕ ಆಕ್ಸಿಲರೇಟರ್ ಒತ್ತುತ್ತಾನೆ, ಚಕ್ರ ಗಿರ್ರನೆ ಸುತ್ತಿ ಕೆಸರು ಎರಚುತ್ತದೆ, ಮಣ್ಣು ಕೊರೆದುಹೋಗಿ ತಳದ ಕಲ್ಲು ಸಿಗುತ್ತದೆ. ಆ ಕ್ಷಣದಲ್ಲಿ ಟಯರು ಕಲ್ಲನ್ನು ಕಚ್ಚಿ ನಿಂತುಬಿಡುತ್ತದೆ. ಆದರೆ ಎಂಜಿನ್ನಿನ ಭಾರದ ಗಾಲಿಯಾದ ಫ್ಲೈವೀಲ್, ಗೇರುಗಳು, ಜಾಯಿಂಟ್ ಶಾಫ್ಟ್ ಇನ್ನೂ ವೇಗದಲ್ಲೇ ಇವೆ. ಅಷ್ಟೂ ವೇಗವನ್ನು ಒಂದು ಗೇಣು ಮಣ್ಣಿನ ಅಂತರದಲ್ಲಿ ನಿಲ್ಲಿಸುವ ಪಾಡು ಹಾಫ್ ಶಾಫ್ಟಿನದು, ಅಂದರೆ ಒಂದೊಂದು ಪಕ್ಕದ ಚಕ್ರಕ್ಕೆ ಹೋಗುವ ಆಕ್ಸೆಲ್ ಶಾಫ್ಟಿನದು. ನಿಧಾನವಾಗಿ ಏರಿಸಿದ ಭಾರಕ್ಕಿಂತ ಒಮ್ಮೆಗೇ ಹೇರಿದ ಭಾರದ ಒತ್ತಡ ಎರಡು ಪಟ್ಟು ಎಂಬುದು ಬಲವಿಜ್ಞಾನದ ಮೊದಲ ಪಾಠಗಳಲ್ಲೊಂದು. ಇಲ್ಲಿ ಅದರ ಮೇಲೆ ಸುತ್ತುವ ವೇಗದ ಪೆಟ್ಟೂ ಸೇರಿಕೊಳ್ಳುತ್ತದೆ. ಹೂತಾಗ ಮಾಡಬೇಕಾದದ್ದು ಇಷ್ಟು: ಆಕ್ಸಿಲರೇಟರ್ ಬಿಡಿ, ಇಳಿದು ಚಕ್ರದ ಮುಂದಿನ ಮಣ್ಣು ಬಿಡಿಸಿ, ಸೌದೆ ತುಂಡೋ ಚಪ್ಪಟೆ ಕಲ್ಲೋ ಕೊಟ್ಟು, ಜನರನ್ನು ಇಳಿಸಿ, ಲೋ ಗೇರಿನಲ್ಲಿ ಎಂಜಿನ್ ತಗ್ಗುದನಿಯಲ್ಲಿದ್ದಂತೆಯೇ ಕ್ಲಚ್ ಬಿಡಿ. ಚಕ್ರ ಒಂದು ಸುತ್ತು ಸುಮ್ಮನೆ ಸುತ್ತಿದರೂ ಕಾಲು ತೆಗೆಯಿರಿ. ಗಾಡಿ ಹಿಂದಕ್ಕೆ ಜಾರುತ್ತಿರುವಾಗ ಒಮ್ಮೆಗೇ ಒಂದನೇ ಗೇರಿನಲ್ಲಿ ಕ್ಲಚ್ ಬಿಡುವುದೂ ಇಂಥದೇ ಪೆಟ್ಟು.

ಇನ್ನು ಮುರಿದ ಮುಖ. ಶಾಲೆಯ ಒಂದು ಚಾಕ್‌ಪೀಸ್ ತೆಗೆದುಕೊಂಡು ಎರಡು ತುದಿ ಹಿಡಿದು ತಿರುಚಿ. ಅದು ಅಡ್ಡಕ್ಕೆ ಮುರಿಯುವುದಿಲ್ಲ; 45 ಡಿಗ್ರಿ ಓರೆಯಾಗಿ, ಸುರುಳಿ ಸುತ್ತಿಕೊಂಡು ಮುರಿಯುತ್ತದೆ. ಇನ್ನೊಂದನ್ನು ಬಗ್ಗಿಸಿ ಮುರಿಯಿರಿ: ಅಡ್ಡಕ್ಕೆ ನೇರವಾಗಿ ತುಂಡಾಗುತ್ತದೆ. ತಿರುಚಿದಾಗ ಸರಳಿನ ಮೈಯಲ್ಲಿ 45 ಡಿಗ್ರಿ ಓರೆಯ ದಿಕ್ಕಿನಲ್ಲಿ ಎಳೆತ ಹುಟ್ಟುತ್ತದೆ. ಚಾಕ್‌ಪೀಸಿನಂಥ ಬಿರುಸು ವಸ್ತು ಎಳೆತಕ್ಕೆ ಸೋಲುವುದರಿಂದ ಆ ಸುರುಳಿ. ಅತಿ ಗಡಸಾಗಿ ಹದ ಹಾಕಿದ ಶಾಫ್ಟ್ ಮುರಿದಾಗ ಇದೇ ಸುರುಳಿ, ಸಕ್ಕರೆ ಹರಳಿನಂಥ ಒರಟು ಮುಖ ಕಾಣುತ್ತದೆ. ಮೆತ್ತನೆಯ ಉಕ್ಕು ಹಾಗಲ್ಲ. ಅದು ಜಾರಿ ಸೋಲುತ್ತದೆ. ಮುಖ ಅಡ್ಡಕ್ಕೆ ಚಪ್ಪಟೆಯಾಗಿ, ನಡುವಿನ ಸುತ್ತ ಸುಳಿಯಂಥ ಗೆರೆಗಳಿಂದ ಕೂಡಿರುತ್ತದೆ; ಪಕ್ಕದ ಸ್ಪ್ಲೈನ್ ಹಲ್ಲುಗಳು, ಅಂದರೆ ಗೇರಿಗೆ ಸಿಕ್ಕಿಸಲು ಶಾಫ್ಟಿನ ತುದಿಯಲ್ಲಿ ಉದ್ದಕ್ಕೆ ಕೊರೆದ ಹಲ್ಲುಗಳು, ಹೊಸೆದ ಹಗ್ಗದ ಹುರಿಗಳ ಹಾಗೆ ಓರೆಯಾಗಿರುತ್ತವೆ. ಅಂಥ ತುಂಡು ಕೈಗೆ ಬಂದರೆ ತಿಳಿಯಿರಿ: ಉಕ್ಕು ದುರ್ಬಲ ಅಥವಾ ಭಾರ ವಿಪರೀತ, ಮತ್ತು ಹಲ್ಲುಗಳು ತಿರುಚಿಕೊಂಡದ್ದು ಅಂದೇ ಇರಬೇಕೆಂದೇನಿಲ್ಲ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಬೇಸಿಗೆಯಲ್ಲಿ ಕೆರೆಯ ನೀರು ಇಳಿಯುತ್ತ ಹೋದಂತೆ ಏರಿಯ ಮಣ್ಣಿನ ಮೇಲೆ ಒಂದರ ಕೆಳಗೊಂದು ಗೆರೆ ಉಳಿಯುತ್ತದಲ್ಲ, ಮುರಿದ ಮುಖದ ಮೇಲೆ ಅಂಥ ಬಾಗಿದ ಗೆರೆಗಳು ಕಂಡರೆ ಅದು ಬಳಲಿಕೆಯ ಬಿರುಕು. ಒಂದೇ ದಿನದಲ್ಲಿ ಆದದ್ದಲ್ಲ. ಗೆರೆಗಳೆಲ್ಲ ಒಂದು ಬಿಂದುವನ್ನು ಸುತ್ತುವರಿದಿರುತ್ತವೆ. ಆ ಬಿಂದುವೇ ಹುಟ್ಟಿದ ಜಾಗ. ಅಲ್ಲಿ ಭೂತಗನ್ನಡಿ ಹಿಡಿದು ನೋಡಿದರೆ ಒಂದು ತುಕ್ಕಿನ ಗುಳಿ, ಕೀಲು ಕೂರಿಸಲು ಕೊರೆದ ಕೀವೇಯ ಮೂಲೆ, ಸ್ಪ್ಲೈನ್ ಹಲ್ಲಿನ ಬುಡ, ಲೇತಿನ ಒರಟು ಗೀರು ಅಥವಾ ವೆಲ್ಡಿಂಗಿನ ಅಂಚು ಸಿಗುತ್ತದೆ. ಗೆರೆಗಳಿರುವ ಭಾಗ ನುಣುಪಾಗಿ, ಕಪ್ಪಾಗಿ ಅಥವಾ ತುಕ್ಕು ಹಿಡಿದಿರುತ್ತದೆ. ಕೊನೆಗೆ ಒಮ್ಮೆಗೇ ಮುರಿದ ಭಾಗ ಹೊಳೆಯುತ್ತ ಒರಟಾಗಿರುತ್ತದೆ. ನುಣುಪು ಭಾಗ ದೊಡ್ಡದು, ಒರಟು ಭಾಗ ಚಿಕ್ಕದು ಎಂದರೆ ಭಾರ ಅತಿಯೇನೂ ಇರಲಿಲ್ಲ, ಬಿರುಕು ಬೆಳೆಯುತ್ತಿದ್ದುದನ್ನು ಯಾರೂ ನೋಡಲಿಲ್ಲ. ಒರಟು ಭಾಗವೇ ದೊಡ್ಡದು ಎಂದರೆ ಸ್ವಲ್ಪ ಬಿರುಕಿಗೇ ತಡೆಯಲಾರದಷ್ಟು ಭಾರವಿತ್ತು. ಸ್ಪ್ಲೈನಿನ ಪ್ರತಿ ಹಲ್ಲಿನ ಬುಡದಿಂದಲೂ ಬಿರುಕು ಹೊರಟು ಮುಖ ನಕ್ಷತ್ರದಂತೆ ಕಂಡರೆ, ಶಾಫ್ಟ್ ಎರಡೂ ದಿಕ್ಕಿಗೆ ಮತ್ತೆ ಮತ್ತೆ ತಿರುಚಿಸಿಕೊಂಡಿದೆ ಎಂದರ್ಥ. ಹತ್ತುವಾಗ ಮುಂದಕ್ಕೆ, ಇಳಿಯುವಾಗ ಎಂಜಿನ್ ಬ್ರೇಕಿನಿಂದ ಹಿಂದಕ್ಕೆ. ನಮ್ಮ ಘಾಟಿ ಗಾಡಿಗಳ ಬಾಳೇ ಅದು.

ಚಕ್ರದ ಕಡೆಯ ಫ್ಲೇಂಜಿನ, ಅಂದರೆ ತಟ್ಟೆಯಂಥ ತುದಿಯ ಬಳಿ, ಅಡ್ಡಕ್ಕೆ, ಒಂದು ಬದಿಯಿಂದ ಗೆರೆ ಹೊರಟಿದ್ದರೆ ಅದು ತಿರುಚಿನ ಕೆಲಸವಲ್ಲ, ಬಗ್ಗಿದ ಕೆಲಸ. ಇಲ್ಲಿ ಆಕ್ಸೆಲ್ ಎಂಬ ಪದವೇ ಗೊಂದಲ ಮಾಡುತ್ತದೆ. ಲಾರಿ, ಬಸ್ಸುಗಳಲ್ಲಿರುವುದು ಫುಲ್ ಫ್ಲೋಟಿಂಗ್ ಆಕ್ಸೆಲ್: ಚಕ್ರದ ಬೇರಿಂಗ್‌ಗಳು ಹೌಸಿಂಗ್, ಅಂದರೆ ಹೊರಗಿನ ಕವಚದ ಮೇಲೆ ಕೂತು ಗಾಡಿಯ ಭಾರ ಹೊರುತ್ತವೆ, ಒಳಗಿನ ಶಾಫ್ಟ್ ತಿರುಚು ಬಿಟ್ಟು ಬೇರೇನನ್ನೂ ಹೊರುವುದಿಲ್ಲ. ಅದು ಮುರಿದರೆ ಚಕ್ರ ಕಳಚುವುದಿಲ್ಲ. ಸೆಮಿ ಫ್ಲೋಟಿಂಗ್ ಆದರೆ ಅದೇ ಶಾಫ್ಟ್ ಭಾರವನ್ನೂ ಹೊರುತ್ತದೆ, ತಿರುಚನ್ನೂ ತಡೆಯುತ್ತದೆ. ಮುರಿದರೆ ಚಕ್ರವೇ ಹೊರಬರಬಹುದು. ಜೀಪುಗಳಲ್ಲಿ ಎರಡೂ ಬಗೆ ಇವೆ. ಚಕ್ರ ನೆಲದ ಮೇಲಿದ್ದಂತೆಯೇ ಹಬ್ಬಿನ ಮುಖದ ಬೋಲ್ಟು ಬಿಚ್ಚಿ ಶಾಫ್ಟ್ ಎಳೆಯಲು ಬಂದರೆ ಫುಲ್ ಫ್ಲೋಟಿಂಗ್, ಬರದಿದ್ದರೆ ಸೆಮಿ. ಸೆಮಿ ಫ್ಲೋಟಿಂಗ್ ಜೀಪಿಗೆ ಅಗಲದ ಟಯರು, ಹೊರಚಾಚಿದ ರಿಮ್ಮು, ಸ್ಪೇಸರು ಹಾಕಿಸುವುದು ಈಗ ಚಂದಕ್ಕೆ ನಡೆಯುತ್ತಿದೆ. ಚಕ್ರ ಹೊರಚಾಚಿದಷ್ಟೂ ಶಾಫ್ಟ್ ಬಗ್ಗುವ ಪ್ರಮಾಣ ಹೆಚ್ಚು, ಪ್ರತಿ ಸುತ್ತಿಗೂ ಒಮ್ಮೆ ಬಗ್ಗಿ ಎದ್ದು ಫ್ಲೇಂಜಿನ ಬುಡದಲ್ಲಿ ಬಿರುಕು ಬಿಡುತ್ತದೆ.

ಫುಲ್ ಫ್ಲೋಟಿಂಗಿನಲ್ಲಿ ಚಕ್ರ ಕಳಚುವುದಿಲ್ಲ ಎಂದರೆ ಅಪಾಯವಿಲ್ಲ ಎಂದಲ್ಲ. ಎಂಜಿನ್ ಬಲವನ್ನು ಎರಡೂ ಪಕ್ಕಕ್ಕೆ ಹಂಚುವ ಗೇರುಗಳ ಜೋಡಣೆಯಾದ ಡಿಫರೆನ್ಷಿಯಲ್ಲಿನ ಒಂದು ಪಕ್ಕದ ಶಾಫ್ಟ್ ಮುರಿದರೆ ಇನ್ನೊಂದು ಪಕ್ಕಕ್ಕೂ ಎಂಜಿನ್ ಬಲ ಹೋಗುವುದಿಲ್ಲ. ಚಾರ್ಮಾಡಿಯ ಇಳಿಜಾರಿನಲ್ಲಿ ಎರಡನೇ ಗೇರಿನ ಹಿಡಿತದಲ್ಲಿ ಇಳಿಯುತ್ತಿದ್ದ ಲಾರಿಗೆ ಆ ಕ್ಷಣದಿಂದ ಎಂಜಿನ್ ಬ್ರೇಕ್ ಇಲ್ಲ, ಎಲ್ಲ ಭಾರ ಚಕ್ರದ ಬ್ರೇಕಿನ ಮೇಲೆ. ಇಷ್ಟರ ಮೇಲೆ ಚಾಲಕ ಬದಿಗೆ ನಿಲ್ಲಿಸಿ ಗೇರಿಗೆ ಹಾಕಿ ಇಳಿದರೆ ಗೇರು ಗಾಡಿಯನ್ನು ಹಿಡಿಯುವುದಿಲ್ಲ. ಹ್ಯಾಂಡ್‌ಬ್ರೇಕ್ ಗೇರ್‌ಬಾಕ್ಸಿನ ಹಿಂದಿರುವ ಹಳೆಯ ಜೀಪುಗಳಲ್ಲಿ ಅದೂ ಹಿಡಿಯುವುದಿಲ್ಲ. ಆದ್ದರಿಂದ ‘ಟಕ್’ ಎಂದು ಸದ್ದಾಗಿ ಎಂಜಿನ್ ಬರಿದೇ ಓಡತೊಡಗಿದರೆ ಮೊದಲು ಬ್ರೇಕ್, ಆಮೇಲೆ ಕ್ಲೀನರ್ ಇಳಿದು ಚಕ್ರಗಳಿಗೆ ಕಲ್ಲು ಕೊಡಬೇಕು, ಕಲ್ಲು ಕೂತ ಮೇಲೆಯೇ ಚಾಲಕ ಬ್ರೇಕಿನಿಂದ ಕಾಲು ತೆಗೆಯಬೇಕು. ಗಾಡಿಯಲ್ಲಿ ಎರಡು ಮರದ ದಿಂಡು ಸದಾ ಇರಲಿ.

ನಮ್ಮ ಗಿರಿ ದಾರಿಗಳ ಜೀಪುಗಳಲ್ಲಿ ಇನ್ನೊಂದು ತಪ್ಪು ನಡೆಯುತ್ತದೆ, ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಕೆಸರಿನಲ್ಲಿ ಫೋರ್ ವೀಲ್ ಹಾಕಿದವರು ಟಾರಿಗೆ ಬಂದ ಮೇಲೂ ಅದನ್ನು ಬಿಡಿಸುವುದಿಲ್ಲ. ಈ ಜೀಪುಗಳಲ್ಲಿ ಮುಂದಿನ ಹಿಂದಿನ ಆಕ್ಸೆಲ್‌ಗಳ ನಡುವೆ ಡಿಫರೆನ್ಷಿಯಲ್ ಇರುವುದಿಲ್ಲ, ಫೋರ್ ವೀಲ್ ಹಾಕಿದಾಗ ಎರಡೂ ಜಾಯಿಂಟ್ ಶಾಫ್ಟ್‌ಗಳು ಒಂದೇ ವೇಗದಲ್ಲಿ ಸುತ್ತಲೇಬೇಕು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಓಡಬೇಕಾಗುತ್ತದೆ. ಮಣ್ಣಾದರೆ ಟಯರು ಚೂರು ಜಾರಿ ಲೆಕ್ಕ ಸರಿಹೋಗುತ್ತದೆ. ಒಣ ಟಾರು ಜಾರಲು ಬಿಡುವುದಿಲ್ಲ. ಆ ವ್ಯತ್ಯಾಸವೆಲ್ಲ ಶಾಫ್ಟ್‌ಗಳೊಳಗೆ ತಿರುಚಾಗಿ ಸೇರುತ್ತ ಹೋಗುತ್ತದೆ, ಗಡಿಯಾರಕ್ಕೆ ಕೀ ಕೊಟ್ಟಂತೆ. ಸ್ಟಿಯರಿಂಗ್ ಭಾರವಾಗುತ್ತದೆ, ಗಾಡಿ ಹಿಡಿದು ಎಳೆದಂತಾಗುತ್ತದೆ, ಫೋರ್ ವೀಲ್ ಲಿವರು ಕೈಗೆ ಬರುವುದಿಲ್ಲ. ಲಿವರನ್ನು ಗುದ್ದಿ ಎಳೆಯುವುದರಿಂದ ಹಾಳಾಗುವುದು ಗೇರು. ಸ್ಟಿಯರಿಂಗ್ ನೆಟ್ಟಗೆ ಮಾಡಿ ಹತ್ತು ಹದಿನೈದು ಅಡಿ ರಿವರ್ಸ್ ಬನ್ನಿ, ಸುತ್ತಿಕೊಂಡಿದ್ದು ಬಿಚ್ಚಿಕೊಳ್ಳುತ್ತದೆ, ಲಿವರು ಹಗುರಾಗಿ ಬರುತ್ತದೆ. ಹಾಗೂ ಬರದಿದ್ದರೆ ಒಂದು ಚಕ್ರವನ್ನು ಜಾಕ್ ಕೊಟ್ಟು ನೆಲ ಬಿಡಿಸಿ. ಆದರೆ ಚಕ್ರ ಎದ್ದ ಕ್ಷಣ ಜೋರಾಗಿ ತಿರುಗಬಹುದು, ಕೈ ಕಾಲು ದೂರವಿರಲಿ, ಉಳಿದ ಚಕ್ರಗಳಿಗೆ ದಿಂಡು ಇರಲಿ.

ಟಯರು ಸವೆತದಿಂದಲೂ ಇದೇ ಆಗುತ್ತದೆ. ಮುಂದೆ ಹೊಸ ಟಯರು, ಹಿಂದೆ 6 ಮಿಲಿಮೀಟರ್ ಸವೆದ ಟಯರು ಇದ್ದರೆ 35 ಸೆಂಟಿಮೀಟರ್ ತ್ರಿಜ್ಯದ ಚಕ್ರಗಳಲ್ಲಿ ಪ್ರತಿ ಕಿಲೋಮೀಟರಿಗೆ ಹೆಚ್ಚುಕಡಿಮೆ 8 ಸುತ್ತಿನ ವ್ಯತ್ಯಾಸ ಬರುತ್ತದೆ. ನೆಟ್ಟಗಿನ ರಸ್ತೆಯಲ್ಲಿಯೂ ಶಾಫ್ಟ್ ತಿರುಚುತ್ತಲೇ ಇರುತ್ತದೆ. ಫೋರ್ ವೀಲ್ ಬಳಸುವ ಜೀಪಿಗೆ ನಾಲ್ಕೂ ಟಯರು ಒಂದೇ ಅಳತೆ, ಒಂದೇ ಸವೆತ, ಒಂದೇ ಗಾಳಿ ಇರಲೇಬೇಕು.

ಜಾಯಿಂಟ್ ಶಾಫ್ಟ್ ಬಗ್ಗೆ ಎರಡೇ ಮಾತು. ಕ್ರಾಸ್ (ಶಾಫ್ಟ್ ಓರೆಯಾಗಿ ತಿರುಗಲು ಬಿಡುವ, ತುದಿಯ ಕೂಡಿಕೆಯ ಶಿಲುಬೆಯಾಕಾರದ ತುಂಡು) ಬದಲಿಸಲು ಸ್ಲಿಪ್ ಜಾಯಿಂಟ್ (ಒಂದರೊಳಗೊಂದು ಜಾರುವ ಜೋಡಣೆ) ಬಿಚ್ಚುವ ಮೊದಲು ಎರಡೂ ತುಂಡಿನ ಮೇಲೆ ಗುರುತು ಹಾಕಿ; ಉಳಿಯಿಂದ ಬೇಡ, ಬಣ್ಣದಿಂದ. ಕೊಳವೆಯ ಎರಡೂ ತುದಿಯ ಯೋಕುಗಳು, ಅಂದರೆ ಕ್ರಾಸ್ ಹಿಡಿಯುವ ಕವೆಗಳು, ಒಂದೇ ಸಮತಲದಲ್ಲಿ ಇರಬೇಕು. ಕ್ರಾಸಿನಲ್ಲಿ 15 ಡಿಗ್ರಿ ಓರೆಯಿದ್ದರೆ ಒಂದೊಂದು ಸುತ್ತಿನಲ್ಲಿ ಎರಡು ಸಲ ವೇಗ ಶೇ 3ರಷ್ಟು ಏರಿ ಇಳಿಯುತ್ತದೆ, 20 ಡಿಗ್ರಿಗೆ ಶೇ 6ರಷ್ಟು. ಒಂದು ತುದಿಯ ಏರಿಳಿತವನ್ನು ಇನ್ನೊಂದು ತುದಿ ಅಳಿಸಲೆಂದೇ ಆ ಜೋಡಣೆ. ಸ್ಪ್ಲೈನಿನ ಒಂದೆರಡು ಹಲ್ಲು ತಪ್ಪಿ ಕೂರಿಸಿದರೆ ಅಳಿಸುವುದು ನಿಲ್ಲುತ್ತದೆ, ಕ್ರೌನ್–ಪಿನಿಯನ್ ವರೆಗೆ ಎಲ್ಲವೂ ದಿನವಿಡೀ ಹಿಂದಕ್ಕೂ ಮುಂದಕ್ಕೂ ತಿರುಚಿಸಿಕೊಳ್ಳುತ್ತವೆ. ಜೀಪು ಎತ್ತರ ಕಾಣಲೆಂದು ಸ್ಪ್ರಿಂಗ್ ಕೆಳಗೆ ಪ್ಯಾಕಿಂಗ್ ಕೊಟ್ಟಾಗ ಈ ಓರೆ ಹೆಚ್ಚುತ್ತದೆ. ಗ್ರೀಸ್ ಹೊಡೆದರೆ ನಾಲ್ಕೂ ಕಪ್ಪಿನಿಂದ ಹೊಸ ಗ್ರೀಸ್ ಹೊರಬರುವವರೆಗೆ ಹೊಡೆಯಬೇಕು. ಮೂರರಿಂದ ಬಂದು ಒಂದರಿಂದ ಬರದಿದ್ದರೆ ಆ ಒಂದೇ ಮೊದಲು ಸಾಯುವುದು.

ಸಸ್ಪೆನ್ಷನ್ನಿಗೆ ಬಂದರೆ, ಶಾಫ್ಟಿನಲ್ಲಿ ನಮ್ಮ ಶತ್ರುವಾದ ತಿರುಚು ಇಲ್ಲಿ ಕೆಲಸಗಾರ. 1931ರಲ್ಲಿ ಫರ್ಡಿನಾಂಡ್ ಪೋರ್ಷೆ ಪೇಟೆಂಟ್ ಪಡೆದ ಟಾರ್ಷನ್ ಬಾರ್ ಎಂದರೆ ಒಂದು ತುದಿ ಚಾಸಿಸ್ಸಿಗೆ, ಇನ್ನೊಂದು ತುದಿ ಚಕ್ರದ ತೋಳಿಗೆ ಸಿಕ್ಕಿಸಿದ ನೇರ ಉಕ್ಕಿನ ಸರಳು. ಚಕ್ರ ಎದ್ದಾಗ ಅದು ತಿರುಚಿಕೊಂಡು ಭಾರ ಹೊರುತ್ತದೆ. 2014ರವರೆಗೆ ತಯಾರಾದ ಅಂಬಾಸಡರಿನ ಮುಂಭಾಗದಲ್ಲಿ ಇದ್ದದ್ದು ಇದೇ, ಕ್ವಾಲಿಸ್‌ನಲ್ಲೂ ಇದೇ. ಈ ಗಾಡಿಗಳು ಇಂದಿಗೂ ನಮ್ಮೂರುಗಳಲ್ಲಿ ಓಡುತ್ತಿವೆ. ಬಿಚ್ಚಿದಾಗ ಎಡ ಬಲ ಅದಲುಬದಲು ಮಾಡಬಾರದು. ತಯಾರಿಕೆಯಲ್ಲಿಯೇ ಒಂದೊಂದು ಬಾರನ್ನು ತಾನು ದುಡಿಯುವ ದಿಕ್ಕಿಗೆ ಮಿತಿ ಮೀರಿ ಒಮ್ಮೆ ತಿರುಚಿ ಹದಗೊಳಿಸಿರುತ್ತಾರೆ, ಉಲ್ಟಾ ಹಾಕಿದರೆ ಆ ಹದವೇ ಶತ್ರುವಾಗಿ ಬಾರ್ ಕುಸಿಯುತ್ತದೆ ಅಥವಾ ಮುರಿಯುತ್ತದೆ. ವೈಸಿಗೆ ಮೈ ಕೊಟ್ಟು ಹಿಡಿಯಬಾರದು, ಹತ್ತಿರ ವೆಲ್ಡಿಂಗ್ ಮಾಡಬಾರದು, ಬಣ್ಣ ಕಿತ್ತಿದ್ದರೆ ಹಚ್ಚಬೇಕು. ಹೊಂದಿಸುವ ಬೋಲ್ಟ್ ತಿರುಗಿಸಿ ಮುಂಭಾಗ ಎತ್ತಿದರೆ ಬಾರ್ ಗಟ್ಟಿಯಾಗುವುದಿಲ್ಲ; ಗಾಡಿಯ ಎತ್ತರ ಮಾತ್ರ ಬದಲಾಗಿ, ಚಕ್ರ ಗುಂಡಿಗೆ ಇಳಿಯುವ ಜಾಗ ಕಡಿಮೆಯಾಗುತ್ತದೆ. ಬೋಲ್ಟ್ ತಿರುಗಿಸುವುದಿದ್ದರೂ ಚಕ್ರ ನೆಲ ಬಿಟ್ಟಿರಬೇಕು, ಆಮೇಲೆ ಸಮನೆಲದಲ್ಲಿ ಇಳಿಸಿ ಎರಡು ಮೂರು ಸಲ ಕುಲುಕಿ ಎರಡೂ ಕಡೆ ಅಳೆದು, ಅಲೈನ್‌ಮೆಂಟ್ ಮಾಡಿಸಬೇಕು.

ಸುರುಳಿ ಸ್ಪ್ರಿಂಗ್ ಬೇರೆಯೇನೂ ಅಲ್ಲ, ಸುತ್ತಿಟ್ಟ ಟಾರ್ಷನ್ ಬಾರ್. ಒತ್ತಿದಾಗ ಅದರ ತಂತಿ ತಿರುಚುತ್ತದೆ. ಮಲೆನಾಡಿನಲ್ಲಿ ಅದು ಮುರಿಯುವುದು ಹೆಚ್ಚಾಗಿ ಕೆಳಗಿನ ಒಂದು–ಒಂದೂವರೆ ಸುತ್ತಿನಲ್ಲಿ, ಮುರಿದ ಮುಖ ತಂತಿಗೆ 45 ಡಿಗ್ರಿ ಓರೆ. ಸೀಟಿನ ಬಟ್ಟಲಲ್ಲಿ ಕೆಸರು ಕೂತು, ಮರಳು ಬಣ್ಣ ಸವೆಸಿ, ತುಕ್ಕಿನ ಗುಳಿ ಬಿದ್ದು ಅಲ್ಲಿಂದ ಬಿರುಕು ಹೊರಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ನೀರು ಹಾಯಿಸಿ ಆ ಬಟ್ಟಲು ತೊಳೆಯುವುದು, ನೀರು ಹೋಗುವ ತೂತನ್ನು ತಂತಿಯಿಂದ ಚುಚ್ಚುವುದು ಐದು ನಿಮಿಷದ ಕೆಲಸ. ಗಾಡಿ ತಗ್ಗಿಸಲು ಗ್ಯಾಸಿನಿಂದ ಸುತ್ತು ಕತ್ತರಿಸುವವರಿಗೆ: 6 ಸುತ್ತಿನಲ್ಲಿ ಒಂದು ಹೋದರೆ ಸ್ಪ್ರಿಂಗ್ ಶೇ 20ರಷ್ಟು ಬಿಗಿಯಾಗುತ್ತದೆ, ಸೀಟಿಗೆ ಕೂರುವ ಚಪ್ಪಟೆ ತುದಿ ಹೋಗುತ್ತದೆ, ಬೆಂಕಿ ತಗುಲಿದ ಜಾಗದ ಹದ ಇಳಿಯುತ್ತದೆ.

ಪಿಕಪ್ ಮತ್ತು ಲಾರಿಗಳ ಚಾಸಿಸ್ ವಿಚಾರದಲ್ಲೂ ಒಂದು ಕಿವಿಮಾತು. ಬಾಯಿ ತೆರೆದ ಸಿ ಆಕಾರದ ಚಾನೆಲ್ ತಿರುಚಿಗೆ ಬಹಳ ಸಡಿಲ. ಮುಚ್ಚಿದ ಕೊಳವೆಯ ತ್ರಿಜ್ಯ ಅದರ ದಪ್ಪದ 10 ಪಟ್ಟಿದ್ದು, ಉದ್ದಕ್ಕೆ ಒಂದು ಸೀಳು ಹಾಕಿದರೆ ಅದರ ಬಿಗುವು 300ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಗುಂಡಿ ರಸ್ತೆಯಲ್ಲಿ ಚಾಸಿಸ್ ತಿರುಚಿಕೊಂಡು ನಾಲ್ಕೂ ಚಕ್ರ ನೆಲಕ್ಕೆ ತಾಗಲಿ ಎಂದೇ ಅದನ್ನು ತೆರೆದಿಟ್ಟಿದ್ದಾರೆ. ಬಾಡಿ ಕಟ್ಟುವಾಗ ಪಟ್ಟಿ ಬೆಸೆದು ಅಲ್ಲಲ್ಲಿ ಮುಚ್ಚಿದರೆ ಮುಚ್ಚಿದ ಜಾಗ ಬಿಗಿ, ಪಕ್ಕದ್ದು ಸಡಿಲ. ಎರಡು ಸೇರುವ ಅಂಚಿನಲ್ಲೇ ಬಿರುಕು. ಚಾನೆಲ್‌ನ ಮೇಲಿನ ಕೆಳಗಿನ ಚಾಚುಗಳಿಗೆ ತೂತು, ವೆಲ್ಡಿಂಗ್ ಎರಡೂ ಬೇಡ. ಬಾಡಿಯನ್ನು ಯು–ಬೋಲ್ಟ್, ನಡುವೆ ಮರ ಅಥವಾ ರಬ್ಬರ್ ಕೊಟ್ಟು ಕೂರಿಸಬೇಕು.

ಈಗ ನನ್ನ ಕೋರಿಕೆಗಳು. ಎಂಟು ವರ್ಷ ದಾಟಿದ ಬಾಡಿಗೆ ವಾಹನಗಳಿಗೆ ವರ್ಷಕ್ಕೊಮ್ಮೆ ಎಫ್.ಸಿ., ಅಂದರೆ ಫಿಟ್ನೆಸ್ ಸರ್ಟಿಫಿಕೇಟಿನ ತಪಾಸಣೆ, ಇದ್ದೇ ಇದೆ. ಗಿರಿಗೆ ಜನ ಸಾಗಿಸುವ ಜೀಪುಗಳಿಗೆ ಆ ಹೊತ್ತಿನಲ್ಲಿ ಎರಡೂ ಹಾಫ್ ಶಾಫ್ಟ್ ಹೊರತೆಗೆಸಿ ನೋಡುವ ಕ್ರಮ ಬರಲಿ. ಸ್ಪ್ಲೈನ್ ಹಲ್ಲಿನ ಮೇಲೆ ಉಕ್ಕಿನ ಸ್ಕೇಲು ಇಟ್ಟರೆ ಓರೆ ತಕ್ಷಣ ಗೊತ್ತಾಗುತ್ತದೆ. ಹಲ್ಲು ಓರೆಯಾದ ಶಾಫ್ಟ್ ಆಗಲೇ ಸೋತಿದೆ, ನೆಟ್ಟಗೆ ಮಾಡಿ ಹಾಕುವ ಮಾತಿಲ್ಲ. ಬಿರುಕು ಹುಡುಕಲು ಡೈ ಪೆನೆಟ್ರೆಂಟ್ ಎಂಬ ಮೂರು ಡಬ್ಬಿಗಳ ಸ್ಪ್ರೇ ಸಾಕು. ಶಾಫ್ಟನ್ನು ಗ್ರೀಸ್ ಇಲ್ಲದಂತೆ ತೊಳೆದು ಒಣಗಿಸಿ, ಕೆಂಪು ದ್ರವ ಸಿಂಪಡಿಸಿ 10ರಿಂದ 15 ನಿಮಿಷ ಬಿಡಿ. ಬಟ್ಟೆಗೆ ಕ್ಲೀನರ್ ದ್ರವ ಹಾಕಿಕೊಂಡು ಒರೆಸಿ, ನೇರವಾಗಿ ಶಾಫ್ಟಿಗೆ ಹೊಡೆದರೆ ಬಿರುಕಿನೊಳಗಿನ ಕೆಂಪೂ ತೊಳೆದುಹೋಗುತ್ತದೆ. ಆಮೇಲೆ ಬಿಳಿ ಡೆವಲಪರ್ ಹೊಡೆಯಿರಿ. ಬಿರುಕಿದ್ದರೆ ಬಿಳಿಯ ಮೇಲೆ ಕೆಂಪು ಗೆರೆ ಮೂಡುತ್ತದೆ. ಬಿರುಕು ಕಂಡ ಶಾಫ್ಟಿಗೆ ವೆಲ್ಡಿಂಗ್ ಮಾಡಿಸಬೇಡಿ. ಬೆಸುಗೆಯ ಪಕ್ಕದ ಉಕ್ಕು ಬಿಸಿಯಾಗಿ ಬೇಗ ತಣಿದು ಗಾಜಿನಂತೆ ಬಿರುಸಾಗುತ್ತದೆ, ಮುಂದಿನ ಮುರಿತ ಅಲ್ಲಿಯೇ. ಹಾಸನ, ಚಿಕ್ಕಮಗಳೂರಿನ ಎಂಜಿನಿಯರಿಂಗ್ ಕಾಲೇಜುಗಳ ಮೆಕ್ಯಾನಿಕಲ್ ವಿಭಾಗದವರು ಮುರಿದ ಶಾಫ್ಟ್‌ಗಳನ್ನು ತರಿಸಿಕೊಂಡು ವಿದ್ಯಾರ್ಥಿಗಳ ಕೈಲಿ ಗಡಸುತನ ಅಳೆಸಿ, ಉಕ್ಕಿನ ದರ್ಜೆ ತಿಳಿಸಿಕೊಟ್ಟರೆ ಗ್ಯಾರೇಜಿನವರಿಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ.

ತಮ್ಮ ವರದಿಗಾರರು ಸ್ಥಳಕ್ಕೆ ಹೋದಾಗ ಪಲ್ಟಿಯಾದ ಗಾಡಿಯ ಜೊತೆಗೆ ಮುರಿದ ಮುಖದ ಹತ್ತಿರದ ಚಿತ್ರವನ್ನೂ ತೆಗೆಯಲಿ. ಬೆಳಕು ಎದುರಿನಿಂದ ಬೀಳದೆ ಪಕ್ಕದಿಂದ ಬೀಳಬೇಕು, ಆಗಲೇ ಗೆರೆಗಳು ಕಾಣುವುದು. ಅಳತೆಗೆ ಒಂದು ರೂಪಾಯಿ ನಾಣ್ಯ ಪಕ್ಕದಲ್ಲಿಡಿ. ಎರಡೂ ತುಂಡು ಬೇಕು, ಯಾವುದು ಎಡ ಯಾವುದು ಬಲ, ಯಾವುದು ಚಕ್ರದ ಕಡೆಯದು ಎಂದು ಚೀಟಿ ಕಟ್ಟಿ. ಮುರಿದ ಎರಡು ಮುಖಗಳನ್ನು ಒಂದಕ್ಕೊಂದು ಜೋಡಿಸಿ ನೋಡುವ ಆಸೆ ಎಲ್ಲರಿಗೂ ಆಗುತ್ತದೆ, ದಯವಿಟ್ಟು ಮಾಡಬೇಡಿ, ಉಜ್ಜಿದರೆ ಗೆರೆಗಳು ಅಳಿಸುತ್ತವೆ. ವೈರ್ ಬ್ರಷ್ ಹಾಕಬೇಡಿ, ಬೆರಳಿನಿಂದ ಮುಟ್ಟಬೇಡಿ. ತೆಳುವಾಗಿ ಎಣ್ಣೆ ಸವರಿ, ಒಣ ಬಟ್ಟೆಯಲ್ಲಿ ಸುತ್ತಿ, ತನಿಖೆ ಮಾಡುವವರು ಬಂದು ನೋಡುವವರೆಗೆ ಗುಜರಿಯವನ ಕೈಗೆ ಕೊಡದೆ ಇಟ್ಟುಕೊಳ್ಳಿ.

ಇಂತಿ ತಮ್ಮ ಓದುಗ,
ಚಿಕ್ಕಮಗಳೂರು